ಕಾನೂನಿನ ಲೆಕ್ಕದಲ್ಲಿ ಅಪ್ಪ ಯಾರು? ಕೇರಳದ ಒಂದು ಜೀವನಾಂಶ ಪ್ರಕರಣದ ಅಧ್ಯಯನ

2025ರ ಜನವರಿ 28ರಂದು ಸುಪ್ರೀಂ ಕೋರ್ಟ್ ಒಂದು ಹಳೆಯ ಜಗಳಕ್ಕೆ ತೆರೆ ಎಳೆಯಿತು. ನ್ಯಾಯಮೂರ್ತಿ ಸೂರ್ಯಕಾಂತ್ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠದ ತೀರ್ಪು ಅದು. ಕೇರಳದ ಒಬ್ಬ ಹುಡುಗ, ತನ್ನನ್ನು ಹುಟ್ಟಿಸಿದವರು ಇವರೇ ಎಂದು ಒಬ್ಬ ವ್ಯಕ್ತಿಯನ್ನು ತೋರಿಸಿ, ಅವರಿಂದ ಜೀವನಾಂಶ ಕೊಡಿಸಿ ಎಂದು ಕೇಳಿದ್ದ. ಅರ್ಜಿ ಹಾಕಿದಾಗ ಅವನಿಗೆ ಸುಮಾರು 6 ವರ್ಷ. ಕೊನೆಯ ತೀರ್ಪು ಬಂದಾಗ 23. ಅವನು ಸೋತ.

ಈ ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡಬೇಕು ಅಂತ ನನಗೆ ಅನಿಸಿದ್ದು ಅದಕ್ಕೇ. ಒಂದು ಮಗುವಿನ ಇಡೀ ಬಾಲ್ಯ ‘ನಿನ್ನ ಅಪ್ಪ ಯಾರು’ ಎಂಬ ಪ್ರಶ್ನೆಯಲ್ಲೇ ಕಳೆದುಹೋಯಿತು. ಊಟ, ಓದು, ಔಷಧಿಯ ಪ್ರಶ್ನೆಗಳು ಆ ಪ್ರಶ್ನೆಯ ಹಿಂದೆ ಸಾಲಾಗಿ ಕಾಯುತ್ತಾ ನಿಂತವು. ಸಂಬಂಧಪಟ್ಟವರೆಲ್ಲ ಸಾಮಾನ್ಯ ಜನ. ಹಾಗಾಗಿ ಇಲ್ಲಿ ಯಾರ ಹೆಸರನ್ನೂ ಬಳಸುವುದಿಲ್ಲ. ತಾಯಿ, ಮಗ, ಮಾಜಿ ಗಂಡ, ಇನ್ನೊಬ್ಬ ವ್ಯಕ್ತಿ ಎಂದಷ್ಟೇ ಕರೆಯುತ್ತೇನೆ.

ನಡೆದದ್ದು ಇಷ್ಟು

ತಾಯಿಯ ಮದುವೆ ಆದದ್ದು 1989ರಲ್ಲಿ. 1991ರಲ್ಲಿ ಮಗಳು ಹುಟ್ಟಿದಳು. ಹತ್ತು ವರ್ಷದ ನಂತರ, 2001ರಲ್ಲಿ, ಮಗ ಹುಟ್ಟಿದ. ಕೊಚ್ಚಿ ನಗರಪಾಲಿಕೆಯ ಜನನ ನೋಂದಣಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರನ್ನೇ ಬರೆಸಲಾಯಿತು. ಆಗ ಇಬ್ಬರೂ ಒಂದೇ ಮನೆಯಲ್ಲಿದ್ದರು. 2003ರಲ್ಲಿ ಮನಸ್ತಾಪ ಬಂದು ಬೇರೆ ಬೇರೆ ಇರತೊಡಗಿದರು. 2006ರಲ್ಲಿ ಕೌಟುಂಬಿಕ ನ್ಯಾಯಾಲಯದಿಂದ ವಿಚ್ಛೇದನ ಸಿಕ್ಕಿತು.

ವಿಚ್ಛೇದನದ ನಂತರ ತಾಯಿ ನಗರಪಾಲಿಕೆಗೆ ಹೋಗಿ, ಮಗನ ಜನನ ದಾಖಲೆಯಲ್ಲಿ ತಂದೆಯ ಹೆಸರು ಬದಲಿಸಿ ಎಂದು ಕೇಳಿದರು. ಮದುವೆಯ ಕಾಲದಲ್ಲೇ ತನಗೆ ಇನ್ನೊಬ್ಬರ ಜತೆ ಸಂಬಂಧವಿತ್ತು, ಮಗ ಅವರಿಗೆ ಹುಟ್ಟಿದವನು ಎಂಬುದು ಅವರ ಮಾತು. ಕೋರ್ಟಿನ ಆದೇಶ ಇಲ್ಲದೆ ಬದಲಿಸಲು ಆಗುವುದಿಲ್ಲ ಎಂದಿತು ಪಾಲಿಕೆ. ಅದು ಸರಿಯೇ. ತಂದೆಯ ಹೆಸರು ಅಕ್ಷರ ದೋಷವಲ್ಲ. ಕಚೇರಿಯ ಗುಮಾಸ್ತರು ಅರ್ಜಿ ನೋಡಿ ತಿದ್ದುವಂಥ ವಿಷಯವೂ ಅಲ್ಲ.

ಹಾಗಾಗಿ 2007ರಲ್ಲಿ ಎರಡು ದಾರಿಗಳು ಒಟ್ಟಿಗೇ ಶುರುವಾದವು. ಒಂದು, ಮುನ್ಸಿಫ್ ಕೋರ್ಟಿನಲ್ಲಿ ಸಿವಿಲ್ ದಾವೆ. ಈ ಇನ್ನೊಬ್ಬ ವ್ಯಕ್ತಿಯೇ ಮಗುವಿನ ತಂದೆ ಎಂದು ಘೋಷಿಸಿ ಎಂಬ ಕೋರಿಕೆ. ಇನ್ನೊಂದು, ಆಲಪ್ಪುಳದ ಕೌಟುಂಬಿಕ ನ್ಯಾಯಾಲಯದಲ್ಲಿ ಅದೇ ವ್ಯಕ್ತಿಯ ಮೇಲೆ ಜೀವನಾಂಶದ ಅರ್ಜಿ.

ಸಿವಿಲ್ ದಾವೆ ಮೂರು ಮೆಟ್ಟಿಲಲ್ಲೂ ಬಿದ್ದುಹೋಯಿತು. ಮುನ್ಸಿಫ್ ಕೋರ್ಟ್ 2009ರಲ್ಲಿ ವಜಾ ಮಾಡಿತು. 2011ರಲ್ಲಿ ಮೊದಲ ಮೇಲ್ಮನವಿಯೂ, ಹೈಕೋರ್ಟಿನಲ್ಲಿ ಹಾಕಿದ ಎರಡನೇ ಮೇಲ್ಮನವಿಯೂ ವಜಾ ಆದವು. ಎಲ್ಲರೂ ಹೇಳಿದ್ದು ಒಂದೇ ಮಾತು. ಮಗ ಹುಟ್ಟಿದಾಗ ಮದುವೆ ಇತ್ತು, ಗಂಡ ಹೆಂಡತಿ ಒಟ್ಟಿಗೇ ಇದ್ದರು. ಅವರು ಕೂಡಲು ಅವಕಾಶವೇ ಇರಲಿಲ್ಲ ಎಂದು ತೋರಿಸಿಲ್ಲ. ಆದ್ದರಿಂದ ಕಾನೂನಿನ ಪ್ರಕಾರ ಅವನು ಆ ಗಂಡನ ಮಗನೇ.

ಜೀವನಾಂಶದ ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯ 2010ರಲ್ಲಿ ಮುಚ್ಚಿತು. ಸಿವಿಲ್ ದಾವೆಯಲ್ಲಿ ಗೆದ್ದರೆ ಮತ್ತೆ ತೆರೆಸಿಕೊಳ್ಳಬಹುದು ಎಂದಿತು. ಗೆಲುವು ಬರಲಿಲ್ಲ. ಆದರೂ 2015ರಲ್ಲಿ ಮಗನ ಹೆಸರಲ್ಲಿ ಹೊಸ ಅರ್ಜಿ ಬಂತು. ತನಗೆ ಆರೋಗ್ಯ ಸಮಸ್ಯೆ ಇದೆ, ಶಸ್ತ್ರಚಿಕಿತ್ಸೆಗಳಾಗಿವೆ, ತಾಯಿಗೂ ತನಗೂ ಖರ್ಚು ತೂಗಿಸಲು ಆಗುತ್ತಿಲ್ಲ, ದಾಖಲೆಯಲ್ಲಿರುವ ತಂದೆಯಿಂದ ಏನೂ ಬರುತ್ತಿಲ್ಲ, ಹಳೆಯ ಅರ್ಜಿಯನ್ನು ತೆರೆಯಿರಿ ಎಂದು. ಕೌಟುಂಬಿಕ ನ್ಯಾಯಾಲಯ ತೆರೆಯಿತು. ಆ ವ್ಯಕ್ತಿ ಹೈಕೋರ್ಟಿಗೆ ಹೋದರು. 2018ರಲ್ಲಿ ಹೈಕೋರ್ಟ್ ಹುಡುಗನ ಪರವಾಗಿ ಹೇಳಿತು. ಅಲ್ಲಿಂದ ಸುಪ್ರೀಂ ಕೋರ್ಟ್.

ಹೈಕೋರ್ಟ್ ಹಿಡಿದ ಎಳೆ

ಇಡೀ ಪ್ರಕರಣದ ತಿರುಳು ಇರುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಹೈಕೋರ್ಟ್ ಹೇಳಿದ್ದು ಇದು. ಮಗು ಮದುವೆಯೊಳಗೆ ಹುಟ್ಟಿತೇ, ಹೊರಗೆ ಹುಟ್ಟಿತೇ ಎಂಬುದು ಒಂದು ಪ್ರಶ್ನೆ. ಮಗುವನ್ನು ಹುಟ್ಟಿಸಿದವರು ಯಾರು ಎಂಬುದು ಇನ್ನೊಂದು. ಜೀವನಾಂಶಕ್ಕೆ ಬೇಕಾಗಿರುವುದು ಎರಡನೆಯದು ಮಾತ್ರ. ಏಕೆಂದರೆ ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಅಪ್ಪನಿಂದ ಜೀವನಾಂಶ ಕೊಡಿಸುತ್ತದೆ. ಹಾಗಿದ್ದ ಮೇಲೆ ಹುಡುಗ ಕಾಗದದಲ್ಲಿ ಮಾಜಿ ಗಂಡನ ಮಗ ಎಂದು ಸಾಬೀತಾಗಿದ್ದರೇನಂತೆ? ನಿಜವಾಗಿ ಹುಟ್ಟಿಸಿದವರು ಬೇರೆಯವರಾದರೆ ಅವರು ದುಡ್ಡು ಕೊಡಲಿ.

ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ನನಗೂ ಮೊದಲ ಓದಿಗೆ ಇದರಲ್ಲಿ ಕರುಣೆ ಕಂಡಿತು. ಮಗು ಹಸಿದಿರುವಾಗ ದಾಖಲೆ ಹಿಡಿದು ಕೂರುವುದೇಕೆ ಅನಿಸುತ್ತದೆ.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮದುವೆ ಚಾಲ್ತಿಯಲ್ಲಿದ್ದಾಗ ಹುಟ್ಟಿದ ಮಗುವಿನ ವಿಷಯದಲ್ಲಿ ಈ ಎರಡು ಪ್ರಶ್ನೆಗಳನ್ನು ಹೀಗೆ ಸೀಳಲು ಬರುವುದಿಲ್ಲ ಎಂದಿತು. ಮದುವೆಯೊಳಗಿನ ಮಗು ಎಂದು ತೀರ್ಮಾನವಾದರೆ ಅಪ್ಪ ಯಾರು ಎಂಬುದೂ ಅಲ್ಲೇ ತೀರ್ಮಾನವಾದಂತೆ. ಗಂಡ ಹೆಂಡತಿ ಕೂಡಲು ಅವಕಾಶವೇ ಇರಲಿಲ್ಲ ಎಂದು ತೋರಿಸಿ, ಗಂಡನೇ ಅಪ್ಪ ಎಂಬ ಕಾನೂನಿನ ಊಹೆಯನ್ನು ಕೆಡವುವ ತನಕ ಅವನೇ ಅಪ್ಪ. ಒಂದೇ ಮಗುವಿಗೆ ಹೆಸರಿಗೊಬ್ಬ ಅಪ್ಪ, ಹಣಕ್ಕೊಬ್ಬ ಅಪ್ಪ ಎಂದು ಕಾನೂನು ಕೊಡುವುದಿಲ್ಲ.

280 ದಿನದ ನಿಯಮ

ಇದರ ಬೇರು 1872ರ ಸಾಕ್ಷ್ಯ ಕಾಯ್ದೆಯ 112ನೇ ಸೆಕ್ಷನ್ನಿನಲ್ಲಿದೆ. ಊರ್ಜಿತ ಮದುವೆ ಇರುವಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದು 280 ದಿನದೊಳಗೆ, ತಾಯಿ ಮರುಮದುವೆ ಆಗದೆ ಇರುವಾಗ ಹುಟ್ಟಿದ ಮಗು, ಆ ಗಂಡನದೇ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ತಪ್ಪಿಸಿಕೊಳ್ಳಲು ಒಂದೇ ಬಾಗಿಲು: ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡ ಹೆಂಡತಿಗೆ ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ನಿನಲ್ಲೂ ಇದೇ ನಿಯಮ ಮುಂದುವರಿದಿದೆ.

‘ಅವಕಾಶ ಇರಲಿಲ್ಲ’ ಅಂದರೆ ಏನು ಎಂಬುದನ್ನು ಜನ ತಪ್ಪಾಗಿ ತಿಳಿಯುವುದೇ ಜಾಸ್ತಿ. ಜಗಳವಾಡಿಕೊಂಡು ಮಾತು ಬಿಟ್ಟಿದ್ದೆವು ಎಂದರೆ ಸಾಲದು. ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆವು ಎಂದರೂ ಸಾಲದು. ಗಂಡ ಆ ತಿಂಗಳುಗಳಲ್ಲಿ ವಿದೇಶದಲ್ಲಿದ್ದ, ಜೈಲಿನಲ್ಲಿದ್ದ ಎಂಬಂಥ ಸಂಗತಿ ಬೇಕು. ಅಂದರೆ ಕೂಡುವುದು ಅಸಾಧ್ಯವಾಗಿತ್ತು ಎಂದು ಕಾಣಬೇಕು. ಈ ಪ್ರಕರಣದಲ್ಲಿ ಗಂಡ ಹೆಂಡತಿ 1989ರಿಂದ 2003ರವರೆಗೆ ಒಂದೇ ಸೂರಿನಡಿ ಇದ್ದರು. ಮಗ ಹುಟ್ಟಿದ್ದು 2001ರಲ್ಲಿ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ತಾಯಿಯ ಪರ ಇನ್ನೊಂದು ವಾದವಿತ್ತು. ಅದೇ ಕಾಲದಲ್ಲಿ ಇನ್ನೊಬ್ಬರ ಜತೆಗೂ ಸಂಬಂಧವಿತ್ತಲ್ಲ ಎಂದು. ಇರಬಹುದು ಎಂದೇ ಇಟ್ಟುಕೊಂಡಿತು ಕೋರ್ಟ್. ಆದರೂ ಫಲಿತಾಂಶ ಬದಲಾಗುವುದಿಲ್ಲ. ಇನ್ನೊಬ್ಬರ ಸಂಬಂಧ ಇದ್ದ ಮಾತ್ರಕ್ಕೆ ಗಂಡನಿಗೆ ಅವಕಾಶ ಇರಲಿಲ್ಲ ಎಂದಾಗುವುದಿಲ್ಲ. ಎರಡೂ ಒಂದೇ ಕಾಲದಲ್ಲಿ ಇರಬಹುದು. ಇದ್ದರೆ ಕಾನೂನು ಗಂಡನ ಕಡೆಗೇ ಬೊಟ್ಟು ಮಾಡುತ್ತದೆ.

ಇಷ್ಟು ಗಟ್ಟಿ ನಿಯಮ ಯಾಕೆ? ಮಗುವಿಗಾಗಿ. ಗಂಡನಾದವನು ಸಿಟ್ಟಿಗೆ, ಅನುಮಾನಕ್ಕೆ, ಜೀವನಾಂಶ ತಪ್ಪಿಸಿಕೊಳ್ಳಲಿಕ್ಕೆ ‘ಇದು ನನ್ನ ಮಗುವಲ್ಲ’ ಎಂದು ಸುಮ್ನೆ ಹೇಳಿಬಿಟ್ಟರೆ ಮಗು ಬೀದಿಗೆ ಬೀಳಬಾರದು. ನಮ್ಮ ಹಳ್ಳಿ, ಪೇಟೆಗಳಲ್ಲಿ ಹೆಂಡತಿಯ ಶೀಲದ ಮೇಲೆ ಮಾತೆತ್ತುವುದು ಎಷ್ಟು ಸುಲಭ ಎಂದು ನೋಡಿದವರಿಗೆ ಈ ನಿಯಮದ ಬೆಲೆ ಗೊತ್ತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2023ರ ಫೆಬ್ರುವರಿಯಲ್ಲಿ ಇದನ್ನೇ ಬಿಡಿಸಿ ಹೇಳಿತ್ತು. ಅಲ್ಲಿ ಹೆಂಡತಿಯ ವ್ಯಭಿಚಾರ ಸಾಬೀತು ಮಾಡಲು ಗಂಡ ಮಗುವಿನ ಡಿಎನ್‌ಎ ಪರೀಕ್ಷೆ ಕೇಳಿದ್ದ. ಅಪ್ಪ ಅಮ್ಮನ ಜಗಳಕ್ಕೆ ಮಗುವನ್ನು ಸಾಕ್ಷಿಯ ವಸ್ತುವಾಗಿ ಬಳಸಲು ಬಿಡುವುದಿಲ್ಲ ಎಂದು ಪೀಠ ನಿರಾಕರಿಸಿತು. ತನ್ನ ಹುಟ್ಟನ್ನು ಕಾರಣವಿಲ್ಲದೆ ಕೋರ್ಟಿನಲ್ಲಿ ಪ್ರಶ್ನಿಸಬಾರದು ಎಂಬುದು ಮಗುವಿನ ಹಕ್ಕು ಎಂದಿತು.

ಕೇರಳದ ಪ್ರಕರಣದ ವಿಚಿತ್ರ ಏನೆಂದರೆ, ಮಗುವನ್ನು ಕಾಯಲು ಕಟ್ಟಿದ ಗೋಡೆಗೆ ಮಗುವೇ ಒಳಗಿನಿಂದ ತಲೆ ಚಚ್ಚಿಕೊಂಡಿತು.

ಡಿಎನ್‌ಎ ಪರೀಕ್ಷೆ ಯಾಕೆ ಮಾಡಿಸಲಿಲ್ಲ?

ಓದುವವರು ಮೊದಲು ಕೇಳುವ ಪ್ರಶ್ನೆ ಇದು. ಒಂದು ಹನಿ ರಕ್ತ, ಮುಗೀತು. 18 ವರ್ಷದ ಜಗಳ ಯಾಕೆ?

ರಕ್ತ ಪರೀಕ್ಷೆಯನ್ನು ಕೇಳಿದ ಕೂಡಲೇ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. ಮೇಲುನೋಟಕ್ಕೆ ಬಲವಾದ ಕಾರಣ ಇರಬೇಕು. ಸುಮ್ನೆ ಹುಡುಕಿ ನೋಡೋಣ ಎನ್ನುವಂತಿಲ್ಲ. 2025ರ ತೀರ್ಪು ಇದರ ಜತೆಗೆ ಇನ್ನೊಂದು ತಕ್ಕಡಿಯನ್ನೂ ಬಳಸಿತು. ಪರೀಕ್ಷೆ ತೀರಾ ಅನಿವಾರ್ಯವೇ ಎಂದು ಮೊದಲು ನೋಡಬೇಕು. ಕಡತದಲ್ಲಿರುವ ಸಾಕ್ಷಿಯಿಂದಲೇ ತೀರ್ಮಾನಿಸಬಹುದಾದರೆ ಪರೀಕ್ಷೆ ಬೇಡ. ಸಾಕ್ಷಿ ಸಾಲದೆ ಹೋದರೆ, ಪರೀಕ್ಷೆಯಿಂದ ಯಾರಿಗೆ ಎಷ್ಟು ಒಳಿತು, ಯಾರಿಗೆ ಎಷ್ಟು ಪೆಟ್ಟು ಎಂದು ತೂಗಬೇಕು.

ಒಂದು ಕಡೆ ತನ್ನ ಹುಟ್ಟು ತಿಳಿಯುವ ಮಗುವಿನ ಹಕ್ಕು. ಇನ್ನೊಂದು ಕಡೆ, ಬಲವಂತವಾಗಿ ಪರೀಕ್ಷೆಗೆ ಒಳಗಾಗುವ ವ್ಯಕ್ತಿಯ ಖಾಸಗಿತನ ಮತ್ತು ಘನತೆ. ಪರೀಕ್ಷೆಗೆ ಆದೇಶವಾಯಿತು ಎಂಬ ಸುದ್ದಿಯೇ ಅವರ ಮನೆಯಲ್ಲಿ, ಕೆಲಸದ ಜಾಗದಲ್ಲಿ ಮಾಡಬೇಕಾದ್ದನ್ನು ಮಾಡಿಬಿಡುತ್ತದೆ. ಫಲಿತಾಂಶ ಆಮೇಲೆ ಏನೇ ಬರಲಿ. ತಾಯಿಯ ಘನತೆಯ ಮಾತನ್ನೂ ಪೀಠ ಎತ್ತಿತು. ಇಲ್ಲಿ ಕೇಳಿದ್ದು ತಾಯಿಯೇ, ನಿಜ. ಆದರೆ ದಾರಿ ಒಮ್ಮೆ ತೆರೆದರೆ ನಾಳೆ ಅದೇ ದಾರಿಯಲ್ಲಿ ಗಂಡಂದಿರೂ ನೆಂಟರೂ ಹೆಂಗಸರ ಮೇಲೆ ಬರುತ್ತಾರೆ. ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಪರೀಕ್ಷೆ ಸುಲಭವಾಗಿ ಸಿಗುವಂತಾದರೆ ಅದರ ಬಿಸಿ ಮೊದಲು ತಟ್ಟುವುದು ಬಡ ಹೆಂಗಸರಿಗೇ.

ಆದರೆ ಪರೀಕ್ಷೆ ಆಗಿಹೋಗಿದ್ದರೆ ಕಥೆ ಬೇರೆ. 2014ರ ಜನವರಿಯಲ್ಲಿ ನಾಗಪುರದ ಒಂದು ಪ್ರಕರಣದ ತೀರ್ಪು ಬಂತು. ಅಲ್ಲಿ ಗಂಡ ಜೀವನಾಂಶ ಕೊಡುತ್ತಿದ್ದ. ಮಗಳು ತನ್ನವಳಲ್ಲ ಎಂದು ಹೇಳುತ್ತಿದ್ದ. ಕೋರ್ಟಿನ ಆದೇಶದಂತೆ ಪರೀಕ್ಷೆ ನಡೆಯಿತು. ಅವನು ಅಪ್ಪನಲ್ಲ ಎಂದು ಬಂತು. ಮತ್ತೊಮ್ಮೆ ಬೇರೆ ಲ್ಯಾಬಿನಲ್ಲಿ ಮಾಡಿಸಿದರು. ಮತ್ತೆ ಅದೇ ಫಲಿತಾಂಶ. ವಿಜ್ಞಾನ ಹೇಳಿದ ಸತ್ಯ ಕಣ್ಣ ಮುಂದೆ ಇರುವಾಗ 1872ರ ಊಹೆಗೆ ಅಂಟಿಕೊಳ್ಳಲು ಆಗದು ಎಂದು ಸುಪ್ರೀಂ ಕೋರ್ಟ್ ಆ ಮಗಳ ಜೀವನಾಂಶವನ್ನು ನಿಲ್ಲಿಸಿತು. ಅಲ್ಲಿಯವರೆಗೆ ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ ಎಂದಷ್ಟೇ ರಕ್ಷಣೆ. ಆ ಹುಡುಗಿಗೆ ಒಬ್ಬ ಅಪ್ಪ ಹೋದ. ಬದಲಿಗೆ ಇನ್ನೊಬ್ಬ ಬರಲಿಲ್ಲ. ಪರೀಕ್ಷೆ ಎಂದರೆ ಸತ್ಯ, ಸತ್ಯ ಎಂದರೆ ಮಗುವಿಗೆ ಒಳಿತು ಎಂದು ಲೆಕ್ಕ ಹಾಕುವವರು ಇದನ್ನು ಓದಬೇಕು.

ಎನ್.ಡಿ. ತಿವಾರಿ ಅವರ ಪ್ರಕರಣ ನೆನಪಿರಬಹುದು. ಉತ್ತರ ಪ್ರದೇಶ ಮತ್ತು ಉತ್ತರಾಖಂಡದ ಮುಖ್ಯಮಂತ್ರಿ ಆಗಿದ್ದವರು. ರೋಹಿತ್ ಶೇಖರ್ ಎಂಬ ಯುವಕ 2008ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ, ನಾನು ಇವರ ಮಗ ಎಂದು ಘೋಷಿಸಿ ಎಂದು ಕೇಳಿದ. ವರ್ಷಗಟ್ಟಲೆ ಎಳೆದಾಟ ನಡೆದು 2012ರ ಮೇ ತಿಂಗಳಲ್ಲಿ ಡೆಹ್ರಾಡೂನಿನ ಮನೆಯಲ್ಲೇ ತಿವಾರಿ ಅವರ ರಕ್ತ ತೆಗೆದರು. ಜುಲೈನಲ್ಲಿ ಫಲಿತಾಂಶ ಬಂತು. ಮಗ ಎಂದು ಸಾಬೀತಾಯಿತು. ರೋಹಿತ್ ಹುಟ್ಟಿದಾಗಲೂ ಅವರ ತಾಯಿಯ ಮದುವೆ ಬೇರೊಬ್ಬರ ಜತೆ ಚಾಲ್ತಿಯಲ್ಲಿತ್ತು. ಹಾಗಾದರೆ ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಅಲ್ಲಿ ಕೇಳಿದವನು ವಯಸ್ಸಿಗೆ ಬಂದ ಮಗ, ಸ್ವತಃ ತಾನೇ. ತಾಯಿಯ ಗಂಡ ತಂದೆಯಲ್ಲ ಎಂಬ ಡಿಎನ್‌ಎ ವರದಿಯೂ ಕೋರ್ಟಿನ ಮುಂದಿತ್ತು. ಕೇರಳದ ಹುಡುಗನ ಕೈಯಲ್ಲಿ ಅಂಥದ್ದೇನೂ ಇರಲಿಲ್ಲ. ಅವನ ಪರವಾಗಿ ಮೊದಲ ದಾವೆ ಹೂಡಿದಾಗ ಅವನಿಗೆ ತನ್ನ ಮಾತು ಹೇಳುವ ವಯಸ್ಸೇ ಆಗಿರಲಿಲ್ಲ. ಆ ದಾವೆಯ ಸೋಲು ಮಾತ್ರ ಅವನಿಗೇ ಅಂಟಿಕೊಂಡಿತು. ಒಮ್ಮೆ ತೀರ್ಮಾನವಾದ ವಿಷಯವನ್ನು ಅದೇ ಜನರ ನಡುವೆ ಮತ್ತೆ ಎತ್ತಬಾರದು ಎಂಬ ನಿಯಮ ಇದೆ. 2011ರಲ್ಲೇ ಅಂತಿಮವಾದದ್ದನ್ನು 2015ರಲ್ಲಿ ಜೀವನಾಂಶದ ಹೆಸರಲ್ಲಿ ತೆರೆಯಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಈ ನಿಯಮದ ಮೇಲೆ.

ಕೋರ್ಟುಗಳ ಅಧಿಕಾರದ ಬಗ್ಗೆಯೂ ಒಂದು ತಕರಾರು ಇತ್ತು. ಸಿವಿಲ್ ಕೋರ್ಟಿಗೆ ಈ ದಾವೆ ಕೇಳುವ ಅಧಿಕಾರವೇ ಇರಲಿಲ್ಲ, ಎಲ್ಲ ಕೌಟುಂಬಿಕ ನ್ಯಾಯಾಲಯದ ಕೆಲಸ ಎಂಬ ವಾದ. ಇದು ಗಂಡ ಹೆಂಡತಿಯ ನಡುವಿನ ವ್ಯಾಜ್ಯ ಅಲ್ಲವಾದ್ದರಿಂದ ಸಿವಿಲ್ ಕೋರ್ಟಿಗೆ ಅಧಿಕಾರ ಇತ್ತು ಎಂದು ಪೀಠ ಅದನ್ನು ಬದಿಗಿಟ್ಟಿತು.

ಹಾಗಾದರೆ ಹುಡುಗನಿಗೆ ಯಾರೂ ಇಲ್ಲವೇ?

ಇದ್ದರು. ನನಗೆ ಈ ಪ್ರಕರಣದಲ್ಲಿ ಹೊಟ್ಟೆ ಉರಿಯುವ ಜಾಗ ಇದೇ.

ಅವನು ಮಾಜಿ ಗಂಡನ ಮಗ ಎಂದು ಕಾನೂನು ಹೇಳಿದರೆ, ಅದು ಬರೀ ಹೆಸರಿನ ವಿಷಯವಲ್ಲ. ಆ ತೀರ್ಮಾನದ ಜತೆ ಒಂದು ಹೊಣೆಯೂ ಬರುತ್ತದೆ. 125ನೇ ಸೆಕ್ಷನ್ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವಿಗೆ ಅಪ್ಪ ಜೀವನಾಂಶ ಕೊಡಬೇಕು. ವಿಚ್ಛೇದನ ಆಗಿರುವುದು ಗಂಡ ಹೆಂಡತಿಯ ನಡುವೆ. ಮಗುವಿಗೂ ಅಪ್ಪನಿಗೂ ವಿಚ್ಛೇದನ ಇಲ್ಲ. ಅಂದರೆ 2007ರಲ್ಲೇ ಮಾಜಿ ಗಂಡನ ಮೇಲೆ ಜೀವನಾಂಶ ಕೇಳಿದ್ದರೆ 112ನೇ ಸೆಕ್ಷನ್ನಿನ ಇಡೀ ಬಲ ಹುಡುಗನ ಪರ ನಿಲ್ಲುತ್ತಿತ್ತು. ಅದೇ ಗೋಡೆ ಆಗ ಅವನ ಬೆನ್ನಿಗೆ ಇರುತ್ತಿತ್ತು.

ಆದರೆ ಹಣದ ಕೋರಿಕೆ ಪ್ರತಿ ಸಲವೂ ಹೋದದ್ದು ಇನ್ನೊಬ್ಬ ವ್ಯಕ್ತಿಯ ಮೇಲೆ. ತಾಯಿಯ ಮನಸ್ಸು ನನಗೆ ಅರ್ಥವಾಗುತ್ತದೆ. ತನ್ನ ಮಗ ಯಾರಿಗೆ ಹುಟ್ಟಿದವನೆಂದು ಆಕೆ ನಂಬಿದ್ದರೋ ಅವರಿಂದಲೇ ಕೇಳಬೇಕು ಎನ್ನುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಬಿಟ್ಟುಹೋದ ಗಂಡನ ಹತ್ತಿರ, ಆ ಮಗುವಿಗಾಗಿ ಕೈ ಚಾಚಲು ಆಗದ ಸಂಕೋಚವೂ ಇದ್ದಿರಬಹುದು. ಆದರೆ ಕಾನೂನು ಸಲಹೆ ಕೊಡುವವರ ಕೆಲಸವೇ ಅಲ್ಲಿ ಬರುವುದು. ಅಪ್ಪ ಯಾರೆಂದು ಘೋಷಿಸುವ ದಾವೆ ನಡೆಯಲಿ. ಅದು ಮುಗಿಯುವ ತನಕ ಕಾನೂನು ಯಾರನ್ನು ಅಪ್ಪ ಎನ್ನುತ್ತದೋ ಅವರಿಂದ ಮಧ್ಯಂತರ ಜೀವನಾಂಶ ಕೇಳೋಣ ಎಂದು ದಾರಿ ತೋರಿಸಬೇಕು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಮುಗಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಹೇಳಿದೆ.

ಕಾಲ ಇಲ್ಲಿ ದೊಡ್ಡ ಶತ್ರು. 18 ತುಂಬಿದ ಮಗನಿಗೆ ಈ ಸೆಕ್ಷನ್ ಅಡಿ ಜೀವನಾಂಶ ಸಿಗುವುದು ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿಯಲಾಗದ ಸ್ಥಿತಿ ಇದ್ದರೆ ಮಾತ್ರ. 2024ರ ಜುಲೈ 1ರಿಂದ 125ರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ನಿನಲ್ಲೂ ಇದೇ ಮಾತು ಇದೆ. ಹುಡುಗನಿಗೆ 18 ತುಂಬಿದ್ದು 2019ರಲ್ಲಿ. ಆಗ ಪ್ರಕರಣ ಸುಪ್ರೀಂ ಕೋರ್ಟಿನ ದಾರಿಯಲ್ಲಿತ್ತು. ಕೇಳಬಹುದಾಗಿದ್ದ ಸಾಮಾನ್ಯ ಜೀವನಾಂಶದ ಅವಧಿ ಅಲ್ಲಿಗೆ ಮುಗಿದಿತ್ತು.

ಮಗು ಯಾರ ಬಳಿ ಇರಬೇಕು

ಈ ಪ್ರಕರಣದಲ್ಲಿ ಮಗುವಿನ ಸುಪರ್ದಿಯ ಜಗಳ ಇರಲಿಲ್ಲ. ಆದರೂ ಪಿತೃತ್ವದ ದಾವೆ ಹೂಡುವ ಮುಂಚೆ ಸುಪರ್ದಿಯ ಲೆಕ್ಕವನ್ನೂ ಹಾಕಲೇಬೇಕು. ಬಹಳ ಜನ ಇದನ್ನು ಮರೆಯುತ್ತಾರೆ.

ಕಾನೂನಿನಲ್ಲಿ ಅಪ್ಪ ಎನಿಸಿಕೊಂಡವರು ಹಣ ಮಾತ್ರ ಕೊಟ್ಟು ದೂರ ಇರಬೇಕಾಗಿಲ್ಲ. ಅವರು ಮಗುವನ್ನು ಭೇಟಿ ಮಾಡಲು ಕೇಳಬಹುದು. ಸುಪರ್ದಿಯನ್ನೇ ಕೇಳಬಹುದು. ಶಾಲೆ, ಪಾಸ್‌ಪೋರ್ಟ್, ಚಿಕಿತ್ಸೆಯ ವಿಷಯದಲ್ಲಿ ಮಾತೆತ್ತಬಹುದು. ಹೀಗೆ ಅಪ್ಪ ಎಂಬ ಪಟ್ಟ ಕೊಡಿಸುವ ತಾಯಿ, ಜೀವನಾಂಶದ ಜತೆಗೆ ಈ ಹಕ್ಕುಗಳನ್ನೂ ಅವರ ಕೈಗೆ ಕೊಡುತ್ತಾರೆ.

ಹಿಂದೂ ಕುಟುಂಬಗಳಿಗೆ 1956ರ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಇದೆ. ಮದುವೆಯೊಳಗಿನ ಮಗುವಿಗೆ ಸಹಜ ಪೋಷಕರು ಅಪ್ಪ, ನಂತರ ಅಮ್ಮ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ಅಮ್ಮನ ಬಳಿ. ‘ನಂತರ’ ಎಂಬುದನ್ನು ಅಪ್ಪ ಸತ್ತ ಮೇಲೆ ಎಂದು ಓದಬೇಕಿಲ್ಲ, ಅಪ್ಪ ಮಗುವಿನ ಹೊಣೆ ಹೊರದೆ ಇದ್ದಾಗಲೂ ಅಮ್ಮನೇ ಪೋಷಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಿಡಿಸಿ ಹೇಳಿತು. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಇದೇ ಕಾಯ್ದೆಯಲ್ಲಿ ಕ್ರಮ ತಿರುಗುತ್ತದೆ. ಮೊದಲು ಅಮ್ಮ, ನಂತರ ಅಪ್ಪ. ಯಾವ ಧರ್ಮದವರೇ ಇರಲಿ, 1890ರ ಪೋಷಕರ ಮತ್ತು ಪಾಲಿತರ ಕಾಯ್ದೆಯಡಿ ಪೋಷಕರನ್ನು ನೇಮಿಸುವಾಗ ಕೋರ್ಟ್ ನೋಡುವುದು ಮಗುವಿನ ಹಿತವನ್ನು.

2015ರ ಜುಲೈ 6ರಂದು ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿತು. ಮದುವೆಯಾಗದ ಒಬ್ಬ ಕ್ರೈಸ್ತ ತಾಯಿ ತನ್ನ ಮಗನಿಗೆ ತಾನೊಬ್ಬಳೇ ಪೋಷಕಿ ಆಗಬೇಕು, ಅಪ್ಪನ ಹೆಸರು ಹೇಳುವುದಿಲ್ಲ ಎಂದು ಕೇಳಿದ್ದರು. ಕೆಳಗಿನ ಕೋರ್ಟುಗಳು ಅಪ್ಪನಿಗೆ ನೋಟಿಸ್ ಹೋಗಲೇಬೇಕು ಎಂದಿದ್ದವು. ಬೇಕಾಗಿಲ್ಲ ಎಂದರು ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಮತ್ತು ನ್ಯಾಯಮೂರ್ತಿ ಅಭಯ್ ಮನೋಹರ್ ಸಪ್ರೆ. ಮಗುವಿನ ಕಡೆ ತಿರುಗಿಯೂ ನೋಡದ ಅಪ್ಪನಿಗೆ ಕೋರ್ಟಿನ ಮೂಲಕ ಹಕ್ಕು ತಲುಪಿಸುವ ಅಗತ್ಯ ಇಲ್ಲ. ಒಂಟಿ ತಾಯಿ ಅರ್ಜಿ ಹಾಕಿದರೆ, ಹೆತ್ತವಳು ತಾನೇ ಎಂದು ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್ ಮೇಲೆ ಜನನ ಪತ್ರ ಕೊಡಬೇಕು ಎಂದೂ ಹೇಳಿದರು. ಹೀಗಾಗಿ ಮದುವೆಯಾಗದ ತಾಯಿಯ ಮುಂದೆ ನಿಜವಾದ ಆಯ್ಕೆ ಇದೆ. ಅಪ್ಪನನ್ನು ಹೆಸರಿಸಿ ಜೀವನಾಂಶ ಕೇಳಬಹುದು. ಕೇಳದೆ, ಒಬ್ಬಳೇ ಪೋಷಕಿಯಾಗಿ ಮಗುವನ್ನು ಬೆಳೆಸಬಹುದು. ಹೆಸರಿಸುವ ದಾರಿ ಹಿಡಿದರೆ 280 ದಿನದ ಊಹೆ ಅಡ್ಡ ಬರುವುದಿಲ್ಲ, ಏಕೆಂದರೆ ಮದುವೆಯೇ ಇಲ್ಲ. ಕೋರ್ಟ್ ಪರೀಕ್ಷೆಗೆ ಹೇಳಿಯೂ ಆ ವ್ಯಕ್ತಿ ಒಪ್ಪದಿದ್ದರೆ, ಅದನ್ನೇ ಅವರ ವಿರುದ್ಧ ಎಣಿಸಿಕೊಳ್ಳಬಹುದು.

ಕೇರಳದ ತಾಯಿಗೆ ಈ ಆಯ್ಕೆ ಇರಲಿಲ್ಲ. ಅವರಿಗೆ ಮದುವೆ ಇತ್ತು.

ಎರಡನೇ ಹೆಂಡತಿಯ ಮಕ್ಕಳದ್ದು ಬೇರೆಯೇ ಸ್ಥಿತಿ, ನಮ್ಮಲ್ಲಿ ಜಾಸ್ತಿ ಕಾಣುವುದೂ ಅದೇ. ಅಲ್ಲಿ ಅಪ್ಪ ಯಾರೆಂಬ ಅನುಮಾನ ಇರುವುದಿಲ್ಲ. ಮದುವೆ ಊರ್ಜಿತವೇ ಎಂಬ ಜಗಳ. ಜೀವನಾಂಶಕ್ಕೆ ಅದು ಅಡ್ಡಿಯಿಲ್ಲ. ಆಸ್ತಿಯ ಪ್ರಶ್ನೆ ಕರ್ನಾಟಕದ ಒಂದು ಪ್ರಕರಣದಿಂದಲೇ ಸುಪ್ರೀಂ ಕೋರ್ಟಿನ ಮೂವರ ಪೀಠದವರೆಗೆ ಹೋಗಿ, 2023ರ ಸೆಪ್ಟೆಂಬರ್ 1ರಂದು ಉತ್ತರ ಸಿಕ್ಕಿತು. ಹಿಂದೂ ಕುಟುಂಬಗಳಲ್ಲಿ ಅಸಿಂಧು ಮದುವೆಯ ಮಕ್ಕಳಿಗೆ ಅಪ್ಪ ಅಮ್ಮನ ಆಸ್ತಿಯಲ್ಲಿ, ಅವಿಭಕ್ತ ಕುಟುಂಬದಲ್ಲಿ ಅಪ್ಪನ ಪಾಲಿಗೆ ಬರಬಹುದಾದ ಭಾಗದಲ್ಲೂ, ಹಕ್ಕಿದೆ.

ತೀರ್ಪಿನ ಬಗ್ಗೆ ನನ್ನ ಅಭಿಪ್ರಾಯ

ಡಿಎನ್‌ಎ ಪರೀಕ್ಷೆಯ ವಿಷಯದಲ್ಲಿ ಪೀಠ ಹೇಳಿದ್ದು ಸರಿ. ಜೀವನಾಂಶದ ಹೆಸರಲ್ಲಿ ಯಾರನ್ನು ಬೇಕಾದರೂ ಪರೀಕ್ಷೆಗೆ ಎಳೆಯುವ ದಾರಿ ತೆರೆದರೆ, ಅದೇ ದಾರಿಯಲ್ಲಿ ಮಕ್ಕಳನ್ನು ಹೊರದಬ್ಬುವ ಗಂಡಂದಿರ ಸಾಲು ದೊಡ್ಡದಿರುತ್ತದೆ.

ಆದರೆ ಒಂದು ಕೊರಗು ಉಳಿಯುತ್ತದೆ. ‘ನಿನಗೆ ಈ ವ್ಯಕ್ತಿ ಅಪ್ಪನಲ್ಲ’ ಎಂದು ಮಗುವಿಗೆ ಹೇಳುವ ಕೋರ್ಟ್, ‘ಆ ವ್ಯಕ್ತಿ ನಿನ್ನ ಅಪ್ಪ, ಅವರಿಂದ ನಿನಗೆ ಇಷ್ಟು ಬರಬೇಕು’ ಎಂದೂ ಅದೇ ಉಸಿರಿನಲ್ಲಿ ಹೇಳುವಂತಾಗಬೇಕು. ಈಗಿನ ಪದ್ಧತಿಯಲ್ಲಿ ಅರ್ಜಿದಾರರು ಕೇಳದಿದ್ದರೆ ಅದು ಸಿಗುವುದಿಲ್ಲ. ದೊಡ್ಡವರ ಜಗಳಕ್ಕೆ ಆ ನಿಯಮ ಸರಿ. 6 ವರ್ಷದ ಮಗುವಿನ ಹೆಸರಲ್ಲಿ ಬಂದ ಅರ್ಜಿಗೆ ಸರಿಯಲ್ಲ. ಜೀವನಾಂಶದ ಅರ್ಜಿಯಲ್ಲಿ ಪಿತೃತ್ವದ ತಕರಾರು ಎದ್ದ ದಿನವೇ, ಕಾನೂನಿನ ಊಹೆಯಂತೆ ಅಪ್ಪ ಆಗುವವರನ್ನೂ ಪ್ರಕರಣಕ್ಕೆ ಕರೆಸಿ, ಇಬ್ಬರಲ್ಲಿ ಒಬ್ಬರಿಂದ ಮಧ್ಯಂತರ ಹಣ ಕೊಡಿಸಬೇಕು. ಕೊನೆಗೆ ಯಾರು ಎಂದು ತೀರ್ಮಾನವಾದಾಗ ಲೆಕ್ಕ ಚುಕ್ತಾ ಮಾಡಿಕೊಳ್ಳಲಿ. ಮಗು ಮಾತ್ರ ಕಾಯಬಾರದು.

112ನೇ ಸೆಕ್ಷನ್ನಿಗೆ ಡಿಎನ್‌ಎ ಪರೀಕ್ಷೆಯನ್ನೂ ಒಂದು ವಿನಾಯಿತಿಯಾಗಿ ಸೇರಿಸಬಹುದು ಎಂದು ಕಾನೂನು ಆಯೋಗ ತನ್ನ 185ನೇ ವರದಿಯಲ್ಲಿ, 2003ರಲ್ಲೇ ಸಲಹೆ ಮಾಡಿತ್ತು. 2023ರಲ್ಲಿ ಹೊಸ ಸಾಕ್ಷ್ಯ ಕಾಯ್ದೆ ಬರೆಯುವಾಗ ಸಂಸತ್ತು ಆ ಸಲಹೆಯನ್ನು ತೆಗೆದುಕೊಳ್ಳಲಿಲ್ಲ. ನನ್ನ ಮಟ್ಟಿಗೆ, ವಯಸ್ಸಿಗೆ ಬಂದ ಮಗ ಅಥವಾ ಮಗಳು ಸ್ವತಃ ಕೇಳಿದಾಗ ಮಾತ್ರ ಆ ಬಾಗಿಲು ತೆರೆದರೆ ಸಾಕು. ಗಂಡ ಕೇಳಿದಾಗ ಬೇಡ.

ಇಂಥ ಸ್ಥಿತಿಯಲ್ಲಿರುವ ತಾಯಂದಿರಿಗೆ ಒಂದು ಮಾತು. ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಸಿಗುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಮಗುವಿನ ಜನನ ಪತ್ರ, ಮದುವೆಯ ದಾಖಲೆ, ವಿಚ್ಛೇದನ ಆಗಿದ್ದರೆ ಅದರ ಆದೇಶ, ಗಂಡ ಹೆಂಡತಿ ಯಾವಾಗಿನಿಂದ ಬೇರೆ ಇದ್ದರು ಎಂದು ತೋರಿಸುವ ಬಾಡಿಗೆ ಕರಾರು ಅಥವಾ ಪಡಿತರ ಚೀಟಿ, ಇಷ್ಟನ್ನು ಒಯ್ಯಿರಿ. ಮಗುವಿನ ಹುಟ್ಟಿದ ದಿನವನ್ನೂ ನೀವು ಬೇರೆಯಾದ ದಿನವನ್ನೂ ಅಕ್ಕಪಕ್ಕ ಇಟ್ಟು, ಕಾನೂನಿನ ಪ್ರಕಾರ ಈಗ ಮಗುವಿನ ಅಪ್ಪ ಯಾರು ಎಂದು ಮೊದಲು ವಕೀಲರ ಬಳಿ ಕೇಳಿ. ಜೀವನಾಂಶದ ಅರ್ಜಿ ಯಾರ ಮೇಲೆ ಎಂಬುದನ್ನು ಆ ಉತ್ತರ ಸಿಕ್ಕ ಮೇಲೆ ಬರೆಸಿ.